ಕಾಡಿಲಿಗಳಲ್ಲಿ ವರ್ಣತಂತುಗಳ ಸಂಖ್ಯೆ ಬದಲಾಗಿ ನೆಲೆಯೂರುವುದಾದರೂ ಹೇಗೆ?

ಹಸಿರುಗರಿ (ಪ್ರಶ್ನೆ)

ದಂಶಕಗಳ ವರ್ಣತಂತುಗಳ ಬಗ್ಗೆ ಓದುವಾಗ ಎದ್ದ ಒಂದು ಸಂದೇಹವನ್ನು ಬಲ್ಲವರ ಮುಂದಿಡುತ್ತಿದ್ದೇನೆ. ಮನೆ ಇಲಿಯ ದೇಹಕೋಶದಲ್ಲಿ 40 ವರ್ಣತಂತುಗಳಿರುತ್ತವೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಆದರೆ ಯುರೋಪಿನ ಕೆಲವೆಡೆ, ಹೊರನೋಟಕ್ಕೆ ಒಂದನ್ನೊಂದು ಬೇರ್ಪಡಿಸಲಾಗದಷ್ಟು ಹೋಲುವ ಮನೆ ಇಲಿಗಳಲ್ಲೇ ಈ ಸಂಖ್ಯೆ ಕಣಿವೆಯಿಂದ ಕಣಿವೆಗೆ ಬದಲಾಗುತ್ತಾ 22ರವರೆಗೂ ಇಳಿದಿದೆ. ದಕ್ಷಿಣ ಅಮೆರಿಕದ ಟ್ಯುಕೊ-ಟ್ಯುಕೊ ಎಂಬ ಬಿಲವಾಸಿ ದಂಶಕಗಳ ಒಂದೇ ಕುಲದೊಳಗೆ 10 ವರ್ಣತಂತುಗಳಿರುವ ಪ್ರಭೇದವೂ ಇದೆ, 70 ಇರುವ ಪ್ರಭೇದವೂ ಇದೆ. ಅರ್ಜೆಂಟೀನಾದ ಕೆಂಪು ವಿಸ್ಕಾಚಾ ಇಲಿಯಲ್ಲಿ 102 ಇವೆ, ಸಸ್ತನಿಗಳಲ್ಲಿ ಈವರೆಗೆ ತಿಳಿದಿರುವ ಅತಿ ದೊಡ್ಡ ಸಂಖ್ಯೆ ಇದೇ.

ನನ್ನ ತೊಡಕು ಇಲ್ಲಿದೆ. ಇಂಥ ಬದಲಾವಣೆ ಮೊದಲು ಒಂದೇ ಒಂದು ಪ್ರಾಣಿಯಲ್ಲಿ ಹುಟ್ಟಬೇಕು. ಅದು ಕೂಡಬೇಕಾದದ್ದು ಹಳೆಯ ಸಂಖ್ಯೆಯ ಸಂಗಾತಿಯೊಡನೆಯೇ. ಹುಟ್ಟುವ ಮರಿಗಳಲ್ಲಿ ತಾಯಿಯ ವರ್ಣತಂತುಗಳಿಗೂ ತಂದೆಯ ವರ್ಣತಂತುಗಳಿಗೂ ಜೋಡಿ ಹೊಂದದ ಕಾರಣ ಸಂತಾನಶಕ್ತಿ ಕುಂದಿದರೆ, ನೈಸರ್ಗಿಕ ಆಯ್ಕೆ ಆ ಬದಲಾವಣೆಯನ್ನು ಕೆಲವೇ ತಲೆಮಾರುಗಳಲ್ಲಿ ಅಳಿಸಿಹಾಕಬೇಕಿತ್ತು. ಸಂತಾನಶಕ್ತಿ ಕುಂದುವುದಿಲ್ಲ ಎನ್ನುವುದಾದರೆ, ವರ್ಣತಂತುಗಳ ವ್ಯತ್ಯಾಸ ಪ್ರಭೇದಗಳನ್ನು ಬೇರ್ಪಡಿಸುವ ಗೋಡೆಯಾಗುತ್ತದೆ ಎಂಬ ಮಾತಿಗೆ ಆಧಾರವೇ ಇರುವುದಿಲ್ಲ. ಹರಡಲು ನಿರುಪದ್ರವಿಯಾಗಿರಬೇಕು, ಬೇರ್ಪಡಿಸಲು ಹಾನಿಕರವಾಗಿರಬೇಕು. ಒಂದೇ ಬದಲಾವಣೆ ಎರಡೂ ಆಗುವುದು ಹೇಗೆ ಎಂಬುದು ನನಗೆ ಬಗೆಹರಿಯುತ್ತಿಲ್ಲ.

ಕೋಶವೀಕ್ಷಕ

ಪ್ರಶ್ನೆಯನ್ನು ಬಹಳ ಸರಿಯಾದ ಜಾಗದಲ್ಲಿ ಹಿಡಿದಿದ್ದೀರಿ. ಉತ್ತರಕ್ಕೆ ಮುನ್ನ ಎರಡು ಬಗೆಯ ಬದಲಾವಣೆಗಳನ್ನು ಬೇರ್ಪಡಿಸಿಕೊಳ್ಳಬೇಕು. ಮನುಷ್ಯರಲ್ಲಿ 21ನೆಯ ವರ್ಣತಂತು ಒಂದು ಹೆಚ್ಚಾದಾಗ ಡೌನ್ ಸಿಂಡ್ರೋಮ್ ಉಂಟಾಗುತ್ತದೆ; ಅಲ್ಲಿ ನೂರಾರು ಜೀನ್‌ಗಳ ಪ್ರಮಾಣವೇ ಏರುಪೇರಾಗಿರುತ್ತದೆ. ಮನೆ ಇಲಿಗಳಲ್ಲಿ ನಡೆದಿರುವುದು ಅದಲ್ಲ. ಅಲ್ಲಿ ಎರಡು ವರ್ಣತಂತುಗಳು ತುದಿಯಲ್ಲಿ ಬೆಸೆದುಕೊಂಡು ಒಂದಾಗಿವೆ. ಎರಡು ಪುಸ್ತಕಗಳನ್ನು ಒಂದೇ ರಟ್ಟಿನೊಳಗೆ ಹೊಲಿದಂತೆ ಇದು: ಸಂಪುಟಗಳ ಎಣಿಕೆ ಇಳಿಯುತ್ತದೆ, ಓದಬೇಕಾದ ಪುಟಗಳು ಅಷ್ಟೇ ಉಳಿಯುತ್ತವೆ. 1916ರಲ್ಲಿ ಮಿಡತೆಗಳಲ್ಲಿ ಇದನ್ನು ವಿವರಿಸಿದ ವಿಲಿಯಂ ರಾಬರ್ಟ್‌ಸನ್ ಅವರ ಹೆಸರಿನಿಂದಲೇ ಇದಕ್ಕೆ ರಾಬರ್ಟ್‌ಸೋನಿಯನ್ ಬೆಸುಗೆ ಎನ್ನುತ್ತಾರೆ.

ಮನೆ ಇಲಿಯ ವರ್ಣತಂತುಗಳು ಇಂಥ ಬೆಸುಗೆಗೆ ಹೇಳಿ ಮಾಡಿಸಿದಂತಿವೆ. ಎಲ್ಲ 40ರಲ್ಲೂ ಸೆಂಟ್ರೊಮಿಯರ್, ಅಂದರೆ ಕೋಶ ವಿಭಜನೆಯಾಗುವಾಗ ವರ್ಣತಂತುವನ್ನು ಹಿಡಿದೆಳೆಯುವ ಜಾಗ, ಒಂದು ತುದಿಗೇ ಇರುತ್ತದೆ. Y ಒಂದನ್ನು ಬಿಟ್ಟು ಉಳಿದೆಲ್ಲದರ ಸೆಂಟ್ರೊಮಿಯರ್‌ನಲ್ಲಿ 120 ಬೇಸ್‌ಜೋಡಿಗಳ (ಡಿಎನ್‌ಎ ಅಕ್ಷರಗಳ) ಒಂದೇ ಘಟಕ ಮತ್ತೆ ಮತ್ತೆ, ಒಂದೇ ದಿಕ್ಕಿನಲ್ಲಿ ಸಾಲಾಗಿ ನಿಂತಿರುತ್ತದೆ. ಬೇರೆ ಬೇರೆ ವರ್ಣತಂತುಗಳ ತುದಿಗಳು ಇಷ್ಟೊಂದು ಹೋಲುವಾಗ, ಎರಡು ಕಡೆ ಏಕಕಾಲಕ್ಕೆ ಎಳೆ ಕಡಿದರೆ ಕೋಶದ ದುರಸ್ತಿ ವ್ಯವಸ್ಥೆ ತಪ್ಪು ತುದಿಗಳನ್ನು ಸೇರಿಸಿಬಿಡುವ ಸಾಧ್ಯತೆ ಹೆಚ್ಚು. ಇಟಲಿಯ ಪಾವಿಯಾದಲ್ಲಿ ಸಿಲ್ವಿಯಾ ಗರಾನ್ಯ ಮತ್ತು ಕಾರ್ಲೊ ರೇದಿ ಅವರ ತಂಡ ತೋರಿಸಿದಂತೆ, ಕಡಿತ ಬೀಳುವುದು ಈ ಪುನರಾವರ್ತನೆಗಳ ಸಾಲಿನೊಳಗೇ. ಬೆಸುಗೆಯಲ್ಲಿ ಕಳೆದುಹೋಗುವುದು ತುದಿಯನ್ನು ಕಾಯುವ ಟೀಲೊಮಿಯರ್ ಎಂಬ ಭಾಗ ಮತ್ತು ಆ ಸಾಲಿನ ಒಂದಷ್ಟು ಭಾಗ ಮಾತ್ರ, ಜೀನ್‌ಗಳಲ್ಲ.

ಸೂಕ್ಷ್ಮದರ್ಶಕದಡಿ ಇದು ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂಬುದನ್ನೂ ಹೇಳಬೇಕು. ಮೂಳೆಮಜ್ಜೆಯ ಕೋಶಗಳನ್ನು ಕಾಲ್ಚಿಸಿನ್‌ನಿಂದ ವಿಭಜನೆಯ ನಡುವೆಯೇ ತಡೆದು, ತೆಳು ಲವಣದ್ರಾವಣದಲ್ಲಿ ಉಬ್ಬಿಸಿ, ಗಾಜಿನ ಪಟ್ಟಿಯ ಮೇಲೆ ಹನಿಸಿ, ಜೀಮ್ಸಾ ಬಣ್ಣ ಹಾಕಿ ನೋಡಿದರೆ ಸಾಮಾನ್ಯ ಮನೆ ಇಲಿಯಲ್ಲಿ 40 ಕಡ್ಡಿಗಳು ಹರಡಿಕೊಂಡಿರುತ್ತವೆ. ಒಂದು ಬೆಸುಗೆಯನ್ನು ತಂದೆ ಅಥವಾ ತಾಯಿಯ ಕಡೆಯಿಂದ ಮಾತ್ರ ಪಡೆದ ಇಲಿಯಲ್ಲಿ 38 ಕಡ್ಡಿಗಳ ನಡುವೆ ಎರಡು ತೋಳುಗಳ ಒಂದೇ ಒಂದು ವರ್ಣತಂತು ಎದ್ದು ಕಾಣುತ್ತದೆ. ವರ್ಣತಂತುಗಳ ಲೆಕ್ಕ 39, ತೋಳುಗಳ ಲೆಕ್ಕ ಮಾತ್ರ 40. ಸಂಖ್ಯೆಯ ಜೊತೆಗೆ ತೋಳುಗಳನ್ನೂ ಎಣಿಸಬೇಕೆಂದು ಸ್ವಿಟ್ಜರ್‌ಲೆಂಡಿನ ರಾಬರ್ಟ್ ಮ್ಯಾಥೆ ಒತ್ತಿ ಹೇಳಿದ್ದರ ಹಿಂದಿನ ವಿವೇಕ ಇದೇ.

ಈಗ ನಿಮ್ಮ ಪ್ರಶ್ನೆಯ ಮೊದಲ ಅರ್ಧಕ್ಕೆ ಬರೋಣ. ಅಂಡಾಣು ಅಥವಾ ವೀರ್ಯಾಣು ರೂಪುಗೊಳ್ಳುವ ಮಿಯಾಸಿಸ್ ಹಂತದಲ್ಲಿ ಆ ಎರಡು ತೋಳುಗಳ ವರ್ಣತಂತುವಿನ ಪಕ್ಕದಲ್ಲಿ ಅದಕ್ಕೆ ಹೊಂದುವ ಎರಡು ಕಡ್ಡಿಗಳು, ಒಂದೊಂದು ತೋಳಿಗೆ ಒಂದೊಂದರಂತೆ, ಜೋಡಿಗೂಡಿ ನಿಲ್ಲುತ್ತವೆ. ಬೇರ್ಪಡುವಾಗ ಎರಡು ಕಡ್ಡಿಗಳು ಒಂದು ಧ್ರುವಕ್ಕೂ ಬೆಸೆದದ್ದು ಇನ್ನೊಂದು ಧ್ರುವಕ್ಕೂ ಹೋದರೆ ಎಲ್ಲವೂ ಸರಿಹೋಗುತ್ತದೆ. ಒಂದೇ ಬೆಸುಗೆಯಿದ್ದಾಗ ಬಹುಪಾಲು ಸಲ ಹಾಗೆಯೇ ನಡೆಯುತ್ತದೆ. ಮನುಷ್ಯರಲ್ಲಿಯೂ ಸುಮಾರು ಸಾವಿರಕ್ಕೆ ಒಬ್ಬರು ಇಂಥ ಬೆಸುಗೆಯೊಂದನ್ನು ಹೊತ್ತು ಆರೋಗ್ಯವಾಗಿಯೇ ಬದುಕುತ್ತಿದ್ದಾರೆ. ಅವರಲ್ಲಿ ಹಲವರಿಗೆ ಅದರ ಅರಿವೂ ಇರುವುದಿಲ್ಲ. ಎಂದರೆ ಮೊದಲ ಬೆಸುಗೆಯ ಮೇಲೆ ಬೀಳುವ ದಂಡ ನೀವು ಊಹಿಸಿದ್ದಕ್ಕಿಂತ ಬಹಳ ಹಗುರವಾದದ್ದು.

ನೀರಂಜಿ

ಕೋಶವೀಕ್ಷಕರು ಹೇಳಿದ್ದು ಬದಲಾವಣೆ ಏಕೆ ಬದುಕಿ ಉಳಿಯುತ್ತದೆ ಎಂಬುದನ್ನು ವಿವರಿಸುತ್ತದೆ. ಉಳಿಯುವುದು ಬೇರೆ, ಇಡೀ ಸಮುದಾಯವನ್ನು ಆವರಿಸುವುದು ಬೇರೆ. ಎರಡನೆಯದಕ್ಕೆ ಹಿಂದೆ ಹೆಚ್ಚಾಗಿ ಕೊಡುತ್ತಿದ್ದ ಕಾರಣ ಆಕಸ್ಮಿಕತೆ. ಮನೆ ಇಲಿಗಳು ಚಿಕ್ಕ ಚಿಕ್ಕ ಕುಟುಂಬಗಳಾಗಿ ಬದುಕುತ್ತವೆ. ಒಂದು ಕಣಜಕ್ಕೋ ಕೊಟ್ಟಿಗೆಗೋ ಕೆಲವೇ ಇಲಿಗಳು ಬಂದು ನೆಲೆಸಿ, ತಮ್ಮೊಳಗೇ ಕೂಡಿ ಬೆಳೆಯುತ್ತವೆ. ಇಷ್ಟು ಚಿಕ್ಕ ಗುಂಪಿನಲ್ಲಿ ಅಲ್ಪಸ್ವಲ್ಪ ಹಾನಿಯುಂಟುಮಾಡುವ ಬದಲಾವಣೆಯೂ ಅದೃಷ್ಟವಶಾತ್ ಎಲ್ಲರಿಗೂ ಹರಡಿಬಿಡಬಹುದು. ಇದು ನಿಜವೇ. ಆದರೆ ಇದೊಂದೇ ಸಾಕು ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಮಡೈರಾ ದ್ವೀಪದ ಇಲಿಗಳನ್ನು ಗಮನಿಸಿದ ಮೇಲೆ ಹಾಗೆ ಒಪ್ಪುವುದು ಕಷ್ಟ.

ಮಡೈರಾ ಅಟ್ಲಾಂಟಿಕ್ ಸಾಗರದಲ್ಲಿರುವ, ಕಡಿದಾದ ಕಣಿವೆಗಳ ಒಂದು ಜ್ವಾಲಾಮುಖಿ ದ್ವೀಪ. ಮನೆ ಇಲಿ ಅಲ್ಲಿಗೆ ಹಡಗುಗಳಲ್ಲಿ ಮನುಷ್ಯರೊಡನೆ ಬಂದದ್ದು. ಜಾನಿಸ್ ಬ್ರಿಟನ್-ಡೇವಿಡಿಯನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆ ಪುಟ್ಟ ದ್ವೀಪದಲ್ಲಿ ವರ್ಣತಂತು ವಿನ್ಯಾಸ ಬೇರೆ ಬೇರೆಯಾದ ಆರು ಗುಂಪುಗಳಿವೆ. ಕೆಲವು ಗುಂಪುಗಳಲ್ಲಿ ಸಂಖ್ಯೆ 22ಕ್ಕೆ ಇಳಿದಿದೆ. 22 ಎಂದರೇನು ಎಂದು ಸ್ವಲ್ಪ ಯೋಚಿಸಿ. ಲಿಂಗ ವರ್ಣತಂತುಗಳನ್ನು ಬಿಟ್ಟರೆ ಮನೆ ಇಲಿಯಲ್ಲಿ 19 ಜೋಡಿಗಳಿವೆ. ಅವುಗಳಲ್ಲಿ 18 ಜೋಡಿಗಳು ಎರಡೆರಡಾಗಿ ಬೆಸೆದು 9 ಜೋಡಿಗಳಾಗಿ, ಒಂದೇ ಒಂದು ಜೋಡಿ ಒಂಟಿಯಾಗಿ ಉಳಿದಿದೆ. ಪೋರ್ಚುಗೀಸರು ಹದಿನೈದನೆಯ ಶತಮಾನದಲ್ಲಿ ಅಲ್ಲಿ ನೆಲೆಸಿದ್ದರಿಂದ ಇಷ್ಟೆಲ್ಲ ಸುಮಾರು 500 ವರ್ಷಗಳಲ್ಲಿ ನಡೆದಿದೆ ಎಂದು ಆಗ ಅಂದಾಜಿಸಿದ್ದರು. 2014ರಲ್ಲಿ ಪ್ರಕಟವಾದ ಇಲಿ ಮೂಳೆಗಳ ಕಾಲನಿರ್ಣಯ ಈ ಅವಧಿಯನ್ನು ಸುಮಾರು ಸಾವಿರ ವರ್ಷಗಳಿಗೆ ಹಿಗ್ಗಿಸಿತು. ಸಾವಿರವೆಂದೇ ಇಟ್ಟುಕೊಂಡರೂ ವಿಕಾಸದ ಲೆಕ್ಕದಲ್ಲಿ ಅದು ಅತ್ಯಲ್ಪ ಕಾಲ. ಬರೀ ಆಕಸ್ಮಿಕತೆಯಾಗಿದ್ದರೆ ಬೆಸುಗೆಗಳು ಒಂದರ ಮೇಲೊಂದು ಒಂದೇ ದಿಕ್ಕಿನಲ್ಲಿ ಇಷ್ಟು ವೇಗವಾಗಿ ಸೇರಿಕೊಂಡಿದ್ದು ಹೇಗೆ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ಇದರ ಒಂದು ಉತ್ತರ ಹೆಣ್ಣಿಲಿಯ ಅಂಡಾಶಯದಲ್ಲಿದೆ, ಮತ್ತು ಈ ವಿಷಯದಲ್ಲಿ ನನ್ನನ್ನು ಅತ್ಯಂತ ಆಳವಾಗಿ ತಟ್ಟಿದ ಸಂಗತಿಯೂ ಅದೇ. ಗಂಡಿನಲ್ಲಿ ಮಿಯಾಸಿಸ್ ಮುಗಿದಾಗ ನಾಲ್ಕು ಕೋಶಗಳೂ ವೀರ್ಯಾಣುಗಳಾಗುತ್ತವೆ. ಹೆಣ್ಣಿನಲ್ಲಿ ಒಂದೇ ಒಂದು ಅಂಡಾಣುವಾಗುತ್ತದೆ; ಮಿಕ್ಕ ಪಾಲು ಧ್ರುವಕಾಯಗಳೆಂಬ ಚಿಕ್ಕ ಕೋಶಗಳಿಗೆ ಸೇರಿ ನಾಶವಾಗುತ್ತದೆ. ಆದ್ದರಿಂದ ಯಾವ ವರ್ಣತಂತು ಅಂಡಾಣುವಿನ ಕಡೆ ಉಳಿಯುತ್ತದೆ ಎಂಬುದು ಅದರ ಭವಿಷ್ಯವನ್ನೇ ನಿರ್ಧರಿಸುತ್ತದೆ. ಮೆಂಡೆಲ್ ನಿಯಮದಂತೆ ಇದು ಅರ್ಧಕ್ಕರ್ಧ ಆಗಬೇಕು. ಆದರೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಲ್ಯಾಂಪ್ಸನ್ ಅವರ ತಂಡ 2014ರಲ್ಲಿ ತೋರಿಸಿದಂತೆ, ವರ್ಣತಂತುವನ್ನು ಎಳೆಯುವ ನಾರುಗಳಿಗೆ ಹಿಡಿತ ಕೊಡುವ ಕೈನೆಟೊಕೋರ್ ಪ್ರೋಟೀನುಗಳನ್ನು ಹೆಚ್ಚಾಗಿ ಸೆಳೆದುಕೊಳ್ಳುವ ಬಲವಾದ ಸೆಂಟ್ರೊಮಿಯರ್ ಇರುವ ವರ್ಣತಂತು ಅಂಡಾಣುವಿನಲ್ಲಿ ಉಳಿಯುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಪ್ರಯೋಗಾಲಯದ ಇಲಿ ತಳಿಗಳಲ್ಲಿ ಕಡ್ಡಿಗಳ ಸೆಂಟ್ರೊಮಿಯರ್ ಹೆಚ್ಚು ಬಲವಾಗಿದ್ದಾಗ ಬೆಸುಗೆ ಧ್ರುವಕಾಯದ ಪಾಲಾಗುತ್ತಿತ್ತು. ಬೆಸುಗೆಗಳು ಗುಡ್ಡೆಬಿದ್ದಿರುವ ಕಾಡು ಸಮುದಾಯಗಳಲ್ಲಿ ಪರಿಸ್ಥಿತಿ ತಿರುಗುಮುರುಗಾಗಿತ್ತು. ಅಲ್ಲಿ ಬೆಸೆದ ವರ್ಣತಂತುವಿನ ಸೆಂಟ್ರೊಮಿಯರೇ ಬಲವಾದದ್ದು.

ಇದರ ಅರ್ಥ ಹೀಗೆ: ಒಂದು ಸಮುದಾಯದಲ್ಲಿ ಸೆಂಟ್ರೊಮಿಯರ್‌ಗಳ ಬಲಾಬಲ ಒಮ್ಮೆ ಬೆಸುಗೆಯ ಕಡೆಗೆ ವಾಲಿದರೆ, ಅಲ್ಲಿ ಹುಟ್ಟುವ ಪ್ರತಿಯೊಂದು ಬೆಸುಗೆಗೂ ಅದೇ ಅನುಕೂಲ ಸಿಗುತ್ತದೆ. ಸಂತಾನಶಕ್ತಿಯಲ್ಲಿ ಸ್ವಲ್ಪ ನಷ್ಟವಾದರೂ ಈ ಪಕ್ಷಪಾತ ಅದನ್ನು ತುಂಬಿಕೊಡಬಲ್ಲದು. ಆ ಬೆಸುಗೆಯಿಂದ ಇಲಿಗೆ ಏನಾದರೂ ಲಾಭವಿರಲೇಬೇಕೆಂದೇನೂ ಇಲ್ಲ.

ಹಸಿರುಗರಿ

ಇಬ್ಬರಿಗೂ ಧನ್ಯವಾದಗಳು. ಹೆಣ್ಣಿನ ಮಿಯಾಸಿಸ್‌ನಲ್ಲಿ ಇಂಥ ಪಕ್ಷಪಾತ ನಡೆಯುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ಈಗ ಪ್ರಶ್ನೆಯ ಇನ್ನೊಂದು ಅರ್ಧ ಉಳಿಯಿತು. ಒಂದೊಂದು ಬೆಸುಗೆಯೂ ಇಷ್ಟು ಸಲೀಸಾಗಿ ಹರಡುವುದಾದರೆ, ಗುಂಪುಗಳ ನಡುವೆ ಗೋಡೆ ಏಳುವುದು ಯಾವಾಗ? ಮಡೈರಾದ ಆರು ಗುಂಪುಗಳನ್ನು ಆರು ಪ್ರಭೇದಗಳೆಂದು ಕರೆಯಬಹುದೇ?

ಕೋಶವೀಕ್ಷಕ

ಗೋಡೆ ಏಳುವುದು ಬೆಸುಗೆಗಳ ಸಂಖ್ಯೆಯಿಂದ ಮಾತ್ರವಲ್ಲ, ಯಾವುದರ ಜೊತೆ ಯಾವುದು ಬೆಸೆದಿದೆ ಎಂಬುದರಿಂದ. ಒಂದು ಕಣಿವೆಯ ಇಲಿಗಳಲ್ಲಿ ‘ಅ’ ಮತ್ತು ‘ಆ’ ಎಂಬ ಎರಡು ವರ್ಣತಂತುಗಳು ಬೆಸೆದಿವೆ ಎಂದುಕೊಳ್ಳಿ. ಪಕ್ಕದ ಕಣಿವೆಯಲ್ಲಿ ‘ಆ’ ಮತ್ತು ‘ಇ’ ಬೆಸೆದಿವೆ. ಎರಡೂ ಕಡೆ ಸಂಖ್ಯೆ 38. ತಂತಮ್ಮ ಕಣಿವೆಯೊಳಗೆ ಈ ಎರಡು ಬೆಸುಗೆಗಳೂ ಹಳೆಯ 40ರ ಇಲಿಗಳೊಡನೆ ಕೂಡಿ, ಹೆಚ್ಚು ನಷ್ಟವಿಲ್ಲದೆ ಹರಡಿರುತ್ತವೆ. ಆದರೆ ಎರಡು ಕಣಿವೆಗಳ ಇಲಿಗಳು ಕೂಡಿದಾಗ ಹುಟ್ಟುವ ಮರಿಯಲ್ಲಿ ಒಂದು ಬೆಸುಗೆಯ ಅರ್ಧ ಮಾತ್ರ ಇನ್ನೊಂದರ ಅರ್ಧಕ್ಕೆ ಹೊಂದುತ್ತದೆ. ಉಳಿದ ತೋಳುಗಳು ಬೇರೆ ಬೇರೆ ಕಡ್ಡಿಗಳನ್ನು ಹುಡುಕಿಕೊಂಡು ಉದ್ದನೆಯ ಸರಪಳಿಯಾಗಿ ನಿಲ್ಲುತ್ತವೆ. ಇಂಥ ಹಲವಾರು ಬೆಸುಗೆಗಳಿದ್ದಾಗ ಸರಪಳಿ ಇನ್ನೂ ಉದ್ದವಾಗುತ್ತದೆ, ಕೆಲವೊಮ್ಮೆ ಉಂಗುರವೇ ಆಗಿಬಿಡುತ್ತದೆ. ಜೋಡಿಯಾಗದೆ ಉಳಿದ ಭಾಗಗಳಿಂದಾಗಿ ಗಂಡಿನಲ್ಲಿ ವೀರ್ಯಾಣು ಉತ್ಪಾದನೆ ನಡುವಿನಲ್ಲೇ ನಿಂತುಹೋಗುತ್ತದೆ.

ರಾಬರ್ಟ್ ಬೇಕರ್ ಮತ್ತು ಜಾನ್ ಬಿಕಮ್ ಈ ವಾದವನ್ನು 1986ರಲ್ಲಿ ಸ್ಪಷ್ಟವಾಗಿ ಮಂಡಿಸಿದರು, ಮತ್ತು ನಿಮ್ಮ ಇಕ್ಕಟ್ಟಿಗೆ ಇದು ನೇರ ಉತ್ತರ ಎಂದು ನಾನು ಭಾವಿಸುತ್ತೇನೆ. ಪ್ರತಿ ಬೆಸುಗೆಯೂ ತಾನು ಹುಟ್ಟಿದ ಜಾಗದಲ್ಲಿ ಬಹುಪಾಲು ನಿರುಪದ್ರವಿ. ಹಾನಿ ಹುಟ್ಟುವುದು ಬೇರೆ ಬೇರೆ ದಾರಿ ಹಿಡಿದ ಎರಡು ಗುಂಪುಗಳು ಆಮೇಲೆ ಭೇಟಿಯಾದಾಗ.

ಹೆಸರಿಡುವ ಪ್ರಶ್ನೆ ಮಾತ್ರ ಕಠಿಣವಾದದ್ದು. ಸ್ವಿಟ್ಜರ್‌ಲೆಂಡಿನ ಪೊಸ್ಕಿಯಾವೊ ಕಣಿವೆಯ ಕಪ್ಪು ಮೈಬಣ್ಣದ ಇಲಿಯನ್ನು ವಿಕ್ಟರ್ ಫಾಷಿಯೊ 1869ರಲ್ಲೇ ಪ್ರತ್ಯೇಕ ಪ್ರಭೇದವೆಂದು ವರ್ಣಿಸಿದ್ದರು. ಒಂದು ಶತಮಾನದ ನಂತರ ಆಲ್ಫ್ರೆಡ್ ಗ್ರೋಪ್ ಅದರ ವರ್ಣತಂತುಗಳನ್ನು ಪರೀಕ್ಷಿಸಿದಾಗ 26 ಸಿಕ್ಕವು, ಅಂದರೆ ಏಳು ಜೋಡಿ ಬೆಸುಗೆಗಳು. ಆ ಕ್ಷಣಕ್ಕೆ ಪ್ರತ್ಯೇಕ ಪ್ರಭೇದವೆಂಬ ಮಾತಿಗೆ ಬಲ ಬಂದಂತೆ ಕಂಡಿತು. ಆದರೆ ಆಮೇಲೆ ಇಂಥದ್ದೇ ಹತ್ತಾರು ಗುಂಪುಗಳು ಇಟಲಿ, ಗ್ರೀಸ್, ಸ್ಕಾಟ್ಲೆಂಡ್‌ಗಳಲ್ಲೂ ಸಿಕ್ಕವು. ಜೀನ್‌ಗಳ ಮಟ್ಟದಲ್ಲಿ ಇವು ಅಕ್ಕಪಕ್ಕದ 40ರ ಇಲಿಗಳಿಗೇ ಹತ್ತಿರದ ಬಂಧುಗಳು. ಆದ್ದರಿಂದ ಈಗ ಇವೆಲ್ಲವನ್ನೂ ಒಂದೇ ಉಪಪ್ರಭೇದದ ವರ್ಣತಂತು ಜನಾಂಗಗಳೆಂದು ಪರಿಗಣಿಸುತ್ತಾರೆ. ಮಡೈರಾದ ಆರನ್ನೂ ನಾನು ಹಾಗೆಯೇ ಕರೆಯುತ್ತೇನೆ.

ಕುರುಡು ಬಿಲಇಲಿಗಳ ವಿಷಯದಲ್ಲಿ ನಿರ್ಧಾರ ಬೇರೆಯಾಯಿತು. ಕಣ್ಣುಗಳು ಚರ್ಮದಡಿ ಮುಚ್ಚಿಹೋಗಿರುವ ಈ ಪ್ರಾಣಿಗಳು ಇಡೀ ಬದುಕನ್ನು ನೆಲದೊಳಗೇ ಕಳೆಯುತ್ತವೆ. ಇಸ್ರೇಲಿನಲ್ಲಿ ಇವುಗಳ 52, 54, 58 ಮತ್ತು 60 ವರ್ಣತಂತುಗಳ ನಾಲ್ಕು ಗುಂಪುಗಳಿವೆ. ತೇವವಿರುವ ಉತ್ತರದಲ್ಲಿ ಕಡಿಮೆ ಸಂಖ್ಯೆಯವು, ಒಣಗಿದ ದಕ್ಷಿಣದಲ್ಲಿ 60ರವು. ಗುಂಪುಗಳು ಭೇಟಿಯಾಗುವ ಕಡೆ ಸಂಕರ ಪ್ರಾಣಿಗಳು ಸಿಗುವುದು ಬಹಳ ಕಿರಿದಾದ ಪಟ್ಟಿಯಲ್ಲಿ ಮಾತ್ರ. ದಶಕಗಳ ಕಾಲ ಇವುಗಳನ್ನು ಅಧ್ಯಯನ ಮಾಡಿದ ಎವಿಯಾತಾರ್ ನೇವೊ ಮತ್ತು ಸಂಗಡಿಗರು 2001ರಲ್ಲಿ ನಾಲ್ಕಕ್ಕೂ ಪ್ರತ್ಯೇಕ ಪ್ರಭೇದದ ಹೆಸರನ್ನಿಟ್ಟರು.

ನಮ್ಮೆಲ್ಲರಿಗೂ ಪರಿಚಿತವಾದ ಕಪ್ಪು ಇಲಿಯಲ್ಲಿಯೂ ಇದೇ ಕಥೆಯಿದೆ. ಜಪಾನಿನ ತೋಸಿಹಿದೆ ಯೋಸಿದಾ ತೋರಿಸಿದಂತೆ ಪೂರ್ವ ಏಷ್ಯಾದ ಇಲಿಗಳಲ್ಲಿ 42, ಶ್ರೀಲಂಕಾದವುಗಳಲ್ಲಿ 40, ಯುರೋಪ್ ಮತ್ತು ಆಸ್ಟ್ರೇಲಿಯಾಗಳಿಗೆ ಹಡಗೇರಿ ಹೋದವುಗಳಲ್ಲಿ 38 ವರ್ಣತಂತುಗಳಿವೆ. 42ರ ಗುಂಪನ್ನು ಈಗ ಬೇರೆ ಪ್ರಭೇದವೆಂದೇ ಎಣಿಸುತ್ತಾರೆ.

ಕಾಡುಮಲ್ಲಿಗೆ

ಚರ್ಚೆ ಬಹಳ ಚೆನ್ನಾಗಿ ಸಾಗಿದೆ, ಆದರೆ ಒಂದು ಆಕ್ಷೇಪವಿದೆ. ಸಂಖ್ಯೆ ಕಣ್ಣಿಗೆ ಬೀಳುತ್ತದೆ ಎಂಬ ಕಾರಣಕ್ಕೆ ನಾವು ಅದಕ್ಕೆ ಅಗತ್ಯಕ್ಕಿಂತ ಹೆಚ್ಚು ಬೆಲೆ ಕೊಡುತ್ತಿದ್ದೇವೆ ಎಂದು ನನಗನಿಸುತ್ತದೆ.

ಉತ್ತರ ಅಮೆರಿಕದ ಜಿಂಕೆಯಿಲಿಗಳ ಕುಲವನ್ನೇ ತೆಗೆದುಕೊಳ್ಳಿ. ಅಲ್ಲಿ ಹತ್ತಾರು ಪ್ರಭೇದಗಳಿವೆ, ಎಲ್ಲದರಲ್ಲೂ ಸಂಖ್ಯೆ 48. ಎಣಿಸಿ ನೋಡಿದವರಿಗೆ ಅಲ್ಲಿ ಏನೂ ನಡೆದಿಲ್ಲವೆಂದೇ ತೋರುತ್ತದೆ. ಆದರೆ ವರ್ಣತಂತುಗಳ ಒಳಗೆ ದೊಡ್ಡ ದೊಡ್ಡ ತುಂಡುಗಳು ತಲೆಕೆಳಗಾಗಿ ತಿರುಗಿಕೊಂಡಿವೆ. ಹೋಪಿ ಹೋಕ್‌ಸ್ಟ್ರಾ ಅವರ ಪ್ರಯೋಗಾಲಯ 2022ರಲ್ಲಿ ಒಂದೇ ಪ್ರಭೇದದೊಳಗೆ ಇಂಥ 21 ತಿರುವುಗಳನ್ನು ಗುರುತಿಸಿತು. ಅದೇ ವರ್ಷ ಅವರು ಪ್ರಕಟಿಸಿದ ಇನ್ನೊಂದು ಅಧ್ಯಯನ ಓರೆಗಾನ್‌ನ ಕಾಡಿನ ಇಲಿಗಳನ್ನೂ ಹುಲ್ಲುಗಾವಲಿನ ಇಲಿಗಳನ್ನೂ ಹೋಲಿಸುತ್ತದೆ. ಮರ ಹತ್ತುವ ಕಾಡಿನ ಇಲಿಗೆ ಉದ್ದ ಬಾಲ, ಗಾಢ ಕೆಂಗಂದು ಬಣ್ಣ. ಹುಲ್ಲುಗಾವಲಿನದಕ್ಕೆ ಗಿಡ್ಡ ಬಾಲ, ತಿಳಿ ಬಣ್ಣ. ಈ ಎರಡೂ ಗುಣಗಳಿಗೆ 15ನೆಯ ವರ್ಣತಂತುವಿನಲ್ಲಿರುವ, ಸುಮಾರು 4.1 ಕೋಟಿ ಬೇಸ್‌ಜೋಡಿಗಳಷ್ಟು ಉದ್ದದ ಒಂದೇ ತಿರುವು ಸಂಬಂಧಿಸಿದೆ. ತಿರುವು ಇರುವ ವರ್ಣತಂತುವೂ ಇಲ್ಲದ್ದೂ ಒಂದೇ ಇಲಿಯಲ್ಲಿ ಸೇರಿದಾಗ ಆ ಭಾಗದಲ್ಲಿ ಎಳೆಗಳ ಅದಲುಬದಲು ಬಹುತೇಕ ನಿಂತುಹೋಗುತ್ತದೆ. ಹಾಗಾಗಿ ಬಾಲದ ಜೀನ್‌ಗಳೂ ಬಣ್ಣದ ಜೀನ್‌ಗಳೂ ಚದುರಿಹೋಗದೆ ಒಂದೇ ಗಂಟಾಗಿ ಸಾಗುತ್ತವೆ, ಮತ್ತು ಎರಡು ನೆಲೆಗಳ ಇಲಿಗಳು ಕೂಡುತ್ತಲೇ ಇದ್ದರೂ ಎರಡು ಬಗೆಗಳು ಉಳಿಯುತ್ತವೆ. ಕಣಿವೆಗಳ ಮನೆ ಇಲಿಯಲ್ಲಿ ಬೆಸುಗೆಯಿಂದ ಇಲಿಗೆ ಲಾಭವೇನೂ ಇರಬೇಕಿಲ್ಲ ಎಂದು ನೀರಂಜಿಯವರು ಹೇಳಿದರು. ಇಲ್ಲಿ ನೈಸರ್ಗಿಕ ಆಯ್ಕೆಯ ಕೈ ಸ್ಪಷ್ಟವಾಗಿ ಕಾಣುತ್ತದೆ.

ಇನ್ನು ಬಂಜೆತನಕ್ಕೆ ವರ್ಣತಂತುಗಳ ವಿನ್ಯಾಸ ಬದಲಾಗಲೇಬೇಕೆಂದೂ ಇಲ್ಲ. ಮನೆ ಇಲಿಯ ಪೂರ್ವ ಮತ್ತು ಪಶ್ಚಿಮದ ಎರಡು ಉಪಪ್ರಭೇದಗಳು ಯುರೋಪಿನಲ್ಲಿ ಡೆನ್ಮಾರ್ಕಿನಿಂದ ಕಪ್ಪು ಸಮುದ್ರದ ಕಡೆಗೆ ಹಾಯುವ ಗಡಿಯುದ್ದಕ್ಕೂ ಸಂಧಿಸುತ್ತವೆ. ಎರಡರಲ್ಲೂ 40 ಕಡ್ಡಿಗಳೇ ಇರುವ ಕಡೆಗಳಲ್ಲೂ ಕೆಲವು ಸಂಕರಗಳ ಗಂಡುಮರಿಗಳು ಬಂಜೆಯಾಗಿರುತ್ತವೆ. ಪ್ರಾಗ್‌ನ ಯಿರ್ಝಿ ಫೊರೆಯ್ತ್ ಅವರ ತಂಡ ದಶಕಗಳ ಕಾಲ ಬೆನ್ನುಹತ್ತಿ, ಇದರ ಹಿಂದಿರುವ ಮುಖ್ಯ ಜೀನ್ ಪಿಆರ್‌ಡಿಎಂ9 ಎಂದು 2009ರಲ್ಲಿ ತೋರಿಸಿತು. ಮಿಯಾಸಿಸ್‌ನಲ್ಲಿ ಎಳೆಗಳು ಎಲ್ಲಿ ಕಡಿದು ಅದಲುಬದಲಾಗಬೇಕು ಎಂಬುದನ್ನು ನಿರ್ಧರಿಸುವ ಜೀನ್ ಇದು. ಸಂಕರದಲ್ಲಿ ಆ ನಿರ್ದೇಶನ ಹೊಂದಿಕೆಯಾಗದಿದ್ದಾಗ ವರ್ಣತಂತುಗಳು ಜೋಡಿಯಾಗದೆ ಉಳಿಯುತ್ತವೆ.

ಇದಕ್ಕಿಂತ ಅಚ್ಚರಿಯದ್ದು ಜಪಾನಿನ ಅಮಾಮಿ ದ್ವೀಪದ ಮುಳ್ಳಿಲಿ. ಅದರಲ್ಲಿ Y ವರ್ಣತಂತುವೇ ಇಲ್ಲ, ಗಂಡುತನವನ್ನು ನಿರ್ಧರಿಸುವ ಎಸ್ಆರ್‌ವೈ ಜೀನ್ ಕೂಡ ಇಲ್ಲ; ಗಂಡಿಗೂ ಹೆಣ್ಣಿಗೂ ಒಂದೇ X, ಒಟ್ಟು 25 ವರ್ಣತಂತುಗಳು. 2022ರಲ್ಲಿ ಅಸಾಟೊ ಕುರೊಇವಾ ಅವರ ತಂಡ, ಗಂಡುತನದ ಬೆಳವಣಿಗೆಗೆ ಬೇಕಾದ ಸಾಕ್ಸ್9 ಜೀನ್‌ನ ಮೇಲ್ಭಾಗದಲ್ಲಿ ಸುಮಾರು 17,000 ಬೇಸ್‌ಜೋಡಿಗಳ ಒಂದು ತುಂಡು ಗಂಡುಗಳಲ್ಲಿ ಮಾತ್ರ ಇಮ್ಮಡಿಯಾಗಿರುವುದನ್ನು ಕಂಡುಹಿಡಿಯಿತು. ಲಿಂಗ ನಿರ್ಧಾರದ ಹೊಣೆ ಒಂದು ಸಾಧಾರಣ ವರ್ಣತಂತುವಿಗೆ ವರ್ಗವಾಗಿದೆ. ಆ ಇಮ್ಮಡಿ ತುಂಡನ್ನು 25 ಎಂಬ ಅಂಕಿಯಿಂದ ಯಾರೂ ಊಹಿಸಲಾರರು.

ಕೋಶವೀಕ್ಷಕ

ಕಾಡುಮಲ್ಲಿಗೆಯವರ ಆಕ್ಷೇಪವನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಒಂದು ವಿಷಯದಲ್ಲಿ ಎಚ್ಚರಿಕೆಯ ಮಾತು ಹೇಳಬೇಕು. ಜೀನೋಮ್ ಓದುವ ತಂತ್ರಗಳು ಬಂದ ಮೇಲೆ ಗಾಜಿನ ಪಟ್ಟಿ ಮತ್ತು ಸೂಕ್ಷ್ಮದರ್ಶಕ ಇನ್ನು ಬೇಡ ಎಂಬ ಭಾವನೆ ಹಬ್ಬುತ್ತಿದೆ. ತಿರುವುಗಳನ್ನು ಹಿಡಿಯಲು ಜೀನೋಮ್ ಓದುವುದೇ ಸರಿಯಾದ ದಾರಿ, ಏಕೆಂದರೆ ತಿರುವಿನ ಎರಡು ಅಂಚುಗಳು ಅಕ್ಷರಗಳ ಸರಣಿಯಲ್ಲಿ ಗುರುತು ಬಿಟ್ಟಿರುತ್ತವೆ. ಬೆಸುಗೆಯ ಮಾತು ಹಾಗಲ್ಲ. ಅದು ನಡೆಯುವುದು ಒಂದೇ ಘಟಕ ಲೆಕ್ಕವಿಲ್ಲದಷ್ಟು ಸಲ ಪುನರಾವರ್ತಿಸುವ ಸೆಂಟ್ರೊಮಿಯರ್‌ನಲ್ಲಿ. ಓದಿದ ತುಣುಕು ಆ ಸಾಲಿಗಿಂತ ಚಿಕ್ಕದಾಗಿದ್ದರೆ, ಅದರ ಆಚೆ ಯಾವ ವರ್ಣತಂತು ಇದೆ ಎಂಬುದು ಗೊತ್ತಾಗುವುದಿಲ್ಲ. 40ರ ಇಲಿಯೂ 22ರ ಇಲಿಯೂ ಅಂಥ ತುಣುಕುಗಳಲ್ಲಿ ಒಂದೇ ರೀತಿ ಕಾಣುತ್ತವೆ. ಭಾರತದ ಹೊಲಗಳ ಚಿಟ್ಟಿಲಿಯೊಂದರಲ್ಲಿ ಸಂಖ್ಯೆ 40ರಲ್ಲೇ ನಿಂತಿದ್ದರೂ ಕೆಲವು ವರ್ಣತಂತುಗಳಿಗೆ ಬಿಗಿಯಾಗಿ ಸುತ್ತಿಕೊಂಡ, ಜೀನ್‌ಗಳು ವಿರಳವಾದ ಹೆಟೆರೊಕ್ರೊಮಾಟಿನ್‌ನ ಗಿಡ್ಡ ತೋಳುಗಳು ಮೂಡಿ ಮೂರು ಬಗೆಗಳಾಗಿವೆ. ಅದನ್ನು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸಂಶೋಧಕರು ಗುರುತಿಸಿದ್ದು ಬಣ್ಣ ಹಾಕಿದ ಪಟ್ಟಿಗಳ ಮೇಲೆಯೇ. ಆದ್ದರಿಂದ ಹೊಸ ಜಾಗದಿಂದ ಇಲಿಗಳ ಮಾದರಿ ತರುವವರು ಡಿಎನ್‌ಎಗಾಗಿ ಅಂಗಾಂಶವನ್ನು ಮದ್ಯಸಾರದಲ್ಲಿಟ್ಟು ಸುಮ್ಮನಾಗಬಾರದು. ಪ್ರಾಣಿ ಜೀವಂತವಾಗಿರುವಾಗಲೋ ಸತ್ತ ತಕ್ಷಣವೋ ತೆಗೆದ ವಿಭಜನೆಯಾಗುವ ಕೋಶಗಳಿಂದ ಮಾತ್ರ ವರ್ಣತಂತುಗಳ ಪಟ್ಟಿಯನ್ನು ಸಿದ್ಧಪಡಿಸಲು ಸಾಧ್ಯ. ಮದ್ಯಸಾರದಲ್ಲಿಟ್ಟ ಅಂಗಾಂಶದಿಂದ ಆಮೇಲೆ ಅದನ್ನು ಮಾಡಲಾಗುವುದಿಲ್ಲ.